ಮೀನೆಣ್ಣೆ ಕುಡಿದ ಚಕ್ರ

ನನಗೊಂದು ಕೆಟ್ಟ ಚಟವಿದೆ. ಎಲ್ಲಿ ಸೈಕಲ್ ನಿಂತದ್ದು ಕಂಡರೂ ಹತ್ತಿರ ಹೋಗಿ ಅದರ ಚಕ್ರದ ಕಡ್ಡಿಯನ್ನು ಉಗುರಿನಿಂದ ಒಮ್ಮೆ ಮೀಟಿ ನೋಡುತ್ತೇನೆ. ಬಿಗಿಯಾದ ಕಡ್ಡಿ ಟಿಣ್ ಎನ್ನುತ್ತದೆ. ಸಡಿಲಾದದ್ದು ಶೀತವಾದವರಂತೆ ಗೊಗ್ಗರು ದನಿ ತೆಗೆಯುತ್ತದೆ. ಮೊನ್ನೆ ಸಾಲಿಗ್ರಾಮದ ಹತ್ತಿರ ಒಂದು ಮದುವೆಗೆ ಹೋದವಳು, ಊಟದ ಪಂಕ್ತಿಗೆ ಕೂರುವುದು ಬಿಟ್ಟು, ಮದುವೆ ಮಂಟಪದ ಹಿಂಬದಿಯ ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಎದುರು ರೇಷ್ಮೆ ಸೀರೆಯಲ್ಲಿ ಕುಕ್ಕರಗಾಲು ಹಾಕಿ ಕುಳಿತುಬಿಟ್ಟಿದ್ದೆ. ಅಡುಗೆಯವರಲ್ಲಿ ಒಬ್ಬರು ಬಕೆಟ್ ಹಿಡಿದು ಹೊರಗೆ ಬಂದವರು ನನ್ನನ್ನು ಕಂಡು ನಿಂತರು.

"ಹ್ವಾಯ್, ಎಂತ ಹುಡುಕ್ತ್ರಿ? ಉಂಗ್ರ ಗಿಂಗ್ರ ಬಿದ್ದ್ ಹೋಯ್ತಾ?"

"ಇಲ್ಲ ಮಾರ್ರೆ. ಈ ಸೈಕಲ್ ನಿಮ್ದಾ? ಹಿಂದಿನ್ ಚಕ್ರದ್ ಕಡ್ಡಿ ಸಡಿಲ ಇತ್ತ್ ಕಾಣಿ."

ಅವರು ನನ್ನನ್ನು ನೋಡಿದರು, ಚಕ್ರವನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. "ನಿಮ್ದ್ ಊಟ ಆಯ್ತಾ?" ಎಂದು ಬಹಳ ಮೆಲ್ಲಗೆ ಕೇಳಿದರು. ಹಸಿವಿನಿಂದ ತಲೆಗೆ ಏನೋ ಆಗಿದೆ ಎಂದೇ ಅವರು ತಿಳಿದಿರಬೇಕು.

ಈ ಚಟ ಹುಟ್ಟಿನಿಂದ ಬಂದದ್ದಲ್ಲ. ಐವತ್ತು ದಾಟಿದ ಮೇಲೆ, ತಮ್ಮನ ಹೊಟ್ಟೆಯ ದೆಸೆಯಿಂದ ಬಂದದ್ದು. ನನ್ನ ತಮ್ಮ ಸುಧಾಕರ ಮುಂಬಯಿಯಲ್ಲಿ ಹೋಟೆಲು ಇಟ್ಟಿದ್ದಾನೆ. ಹೊಟ್ಟೆ ಕರಗಿಸಬೇಕೆಂದು ಅವನು ದುಬಾರಿಯ ರೋಡ್ ಬೈಕ್ ಒಂದನ್ನು ಕೊಂಡ. ಮೊದಲು ಕರಗಿದ್ದು ಉತ್ಸಾಹ. "ಅಕ್ಕ, ನಿಂಗ್ ಲೈಬ್ರರಿಗೆ ಹೋಪುಕ್ ಆತ್ತ್" ಎಂದು ಹೇಳಿ ಅದನ್ನು ರೈಲಿಗೆ ಹಾಕಿ ಕಳುಹಿಸಿದ. ಸಾಸ್ತಾನದಿಂದ ಪಶ್ಚಿಮಕ್ಕೆ ಕಡಲ ಬದಿಯಲ್ಲಿ ನಮ್ಮ ಮನೆ. ಊರಿನ ಪಂಚಾಯತಿನ ಗ್ರಂಥಾಲಯದ ಬೀಗದ ಕೈ ಇರುವುದು ನನ್ನ ಸೆರಗಿನಲ್ಲಿ.

ಗೋಣಿ ಬಿಚ್ಚಿದಾಗ ಹೊರಬಂದ ಸೈಕಲ್ಲನ್ನು ಕಂಡು ನಮ್ಮ ಮನೆಯ ಕೋಳಿಗಳೂ ದೂರ ಸರಿದವು. ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿತ್ತು. ಸೀಟು ಎಂಬುದು ಹೆಸರಿಗೆ ಮಾತ್ರ. ಚಕ್ರವಂತೂ ನೋಡಿದರೆ ಅಯ್ಯೋ ಪಾಪ ಅನ್ನಿಸಬೇಕು. ಹೆಬ್ಬೆರಳಿನಷ್ಟು ದಪ್ಪದ ಟೈರು, ಸಪೂರ ರಿಮ್ಮು, ನಮ್ಮ ಕಾಲದ ಸೈಕಲ್ಲಿಗೆ ಹೋಲಿಸಿದರೆ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಕಡ್ಡಿ. ಗ್ರಂಥಾಲಯಕ್ಕೆ ಬೆಳಿಗ್ಗೆ ಪೇಪರ್ ಓದಲು ಬರುವ ಹಿರಿಯರು ಅಂದಿನಿಂದ ಪೇಪರ್ ಓದುವುದನ್ನು ಕಡಿಮೆ ಮಾಡಿದರು. ಜಗಲಿಗೆ ಬಂದು ಸೈಕಲ್ ಓದತೊಡಗಿದರು.

"ಇದ್ ತಡಿತ್ತಾ?" ಎಂದರು ಒಬ್ಬರು.

"ಹೈವೇಯಂಗೆ ತಡಿತ್ತ್. ಒಳ್ಗಿನ್ ರಸ್ತಿಯಂಗೆ ಎಲ್ ತಡಿತ್ತ್?" ಎಂದರು ಇನ್ನೊಬ್ಬರು.

"ಲೈಬ್ರರಿ ಬಾಯಮ್ಮ, ನೀವ್ ಒಂಚೂರ್ ಸಪೂರ ಆಯ್ರೆ ತಡುಗು" ಎಂದರು ಮೂರನೆಯವರು. ಅವರಿಗೆ ಅಂದು ಪುಸ್ತಕ ಕೊಡುವಾಗ ನಾನು ಬೇಕೆಂದೇ ಕೊನೆಯ ಹಾಳೆ ಹರಿದದ್ದನ್ನು ಆರಿಸಿ ಕೊಟ್ಟೆ.

ಆದರೆ ನಿಜ ಹೇಳಬೇಕೆಂದರೆ ಆ ಪ್ರಶ್ನೆ ನನ್ನೊಳಗೂ ಕೂತಿತ್ತು. ಶಿರೂರಿನಿಂದ ಬ್ರಹ್ಮಾವರದವರೆಗೆ ಹೆದ್ದಾರಿಯಲ್ಲಿ ಹೋಗುವುದಾದರೆ ಯಾವ ಚಕ್ರವೂ ಹೋಗುತ್ತದೆ. ಟೋಲ್‌ಗೇಟಿನವರು ಕೂಡ ಸೈಕಲ್ಲನ್ನು ಕಂಡು ಮುಖ ತಿರುಗಿಸಿ ಬಿಟ್ಟುಬಿಡುತ್ತಾರೆ. ನನಗೆ ಹೋಗಬೇಕಿದ್ದದ್ದು ಹೆದ್ದಾರಿಯಲ್ಲಿ ಅಲ್ಲ. ಕೊಕ್ಕರ್ಣೆಯ ಬದಿಗೆ, ನನ್ನ ತವರಿಗೆ. ಅಲ್ಲಿಗೆ ಹೋಗುವ ಒಳದಾರಿಯಲ್ಲಿ ಒಂದಷ್ಟು ಡಾಂಬರು, ಒಂದಷ್ಟು ಕಾಂಕ್ರೀಟು, ಉಳಿದದ್ದು ಮುರಕಲ್ಲು ಎದ್ದ ಕೆಂಪು ದಾರಿ.

ತವರಿಗೆ ಹೋಗಲು ಬಸ್ಸಿಲ್ಲವೇ ಎಂದು ನೀವು ಕೇಳಬಹುದು. ಇದೆ. ಬ್ರಹ್ಮಾವರಕ್ಕೆ ಹೋಗಿ, ಕಾದು, ಇನ್ನೊಂದು ಹತ್ತಬೇಕು. ಇಲ್ಲದಿದ್ದರೆ ನಮ್ಮವರ ಆಟೋ ಇದೆ; ಅದಕ್ಕೆ ಬಾಡಿಗೆ ಇಲ್ಲದ ದಿನ ಬರಬೇಕು. ಮದುವೆಯಾದಂದಿನಿಂದ ನಾನು ಹೋದಲ್ಲೆಲ್ಲ ಯಾರದೋ ಹಿಂದಿನ ಸೀಟಿನಲ್ಲಿ, ಯಾರದೋ ಗಳಿಗೆಗೆ ಹೋದವಳು. ಮೊದಲ ಸಲ ಆ ಕೊಂಬಿನ ಹ್ಯಾಂಡಲ್ ಹಿಡಿದು, ಯಾರಿಗೂ ಹೇಳದೆ, ಸುಮ್ಮನೆ ಕೋಟದವರೆಗೆ ಹೋಗಿ ತಿರುಗಿ ಬಂದ ದಿನ ಬಾವಿಕಟ್ಟೆಯ ಹತ್ತಿರ ಒಬ್ಬಳೇ ನಿಂತು ನಕ್ಕಿದ್ದೆ. ಆ ಸೈಕಲ್ಲು ಕೈತಪ್ಪಿ ಹೋದರೆ ಎಂಬ ಹೆದರಿಕೆ ಅಂದೇ ಶುರುವಾಯಿತು.

ಹೆದರಿಕೆಗೆ ಕಾರಣ ನಮ್ಮವರು ಹಾಕಿದ ಒಂದು ಷರತ್ತು. ಅವರು ಕೆಟ್ಟವರಲ್ಲ. ಇಷ್ಟು ವರ್ಷ ಆಟೋ ಓಡಿಸಿ, ರಸ್ತೆಯಲ್ಲಿ ಬಿದ್ದವರನ್ನು ಎತ್ತಿ ಆಸ್ಪತ್ರೆಗೆ ಸಾಗಿಸಿ ಸಾಗಿಸಿ ಹೆದರಿದವರು. "ಬಿಡು ಮಾರಾಯ್ತಿ, ನಾ ಬೇಡ ಅಂಬುದಿಲ್ಲ. ಆರೆ ಆ ಚಕ್ರ ಒಂದ್ಸಲ ಕೈ ಕೊಟ್ಟ್ ನೀ ಬಿದ್ಯಾ, ಮರ್ದಿನವೇ ಸುಧಾಕರಂಗೆ ವಾಪಸ್" ಎಂದರು. ನಾನು ಒಪ್ಪಿದೆ. ಒಪ್ಪದೆ ಮಾಡುವುದೇನು?

ನವರಾತ್ರಿಯಲ್ಲಿ ಆಯುಧ ಪೂಜೆಯ ದಿನ ಆಟೋದ ಜತೆ ಅದಕ್ಕೂ ಹೂ ಹಾಕಿ ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟರು. ಆಟೋ ತನ್ನ ಹಣ್ಣುಗಳನ್ನು ಪಚಕ್ಕನೆ ಅಪ್ಪಚ್ಚಿ ಮಾಡಿತು. ನನ್ನ ಸೈಕಲ್ಲನ್ನು ದೂಡಿದರೆ ಹಣ್ಣು ಟೈರಿನ ಅಡಿಯಿಂದ ಜಾರಿ, ಹಾರಿ, ತುಳಸಿಕಟ್ಟೆಗೆ ಬಡಿದು ಇಡಿಯಾಗಿ ಉಳಿಯಿತು. ಅಪಶಕುನವೋ ಅಲ್ಲವೋ ಎಂದು ಚರ್ಚೆಯಾಯಿತು. ಮಧ್ಯಾಹ್ನ ನಾನು ಅದರದ್ದೇ ಪಾನಕ ಮಾಡಿ ಎಲ್ಲರಿಗೂ ಕೊಟ್ಟೆ.

ಗಟ್ಟಿ ಎಂದರೆ ಭಾರ ಎಂದೇ ನಾನು ಬೆಳೆದವಳು. ಕೊಕ್ಕರ್ಣೆಯಲ್ಲಿ ಅಪ್ಪಯ್ಯನ ಹತ್ತಿರ ಒಂದು ಕಪ್ಪು ಸೈಕಲ್ಲಿತ್ತು. ಅದರ ಸ್ಟ್ಯಾಂಡ್ ಹಾಕಲು ನಮಗೆ ಇಬ್ಬರು ಬೇಕಿತ್ತು. ಅಪ್ಪಯ್ಯ ಅದರ ಕ್ಯಾರಿಯರಿಗೆ ಭತ್ತದ ಮೂಟೆ ಕಟ್ಟಿ ಮಿಲ್ಲಿಗೆ ಹೋಗುತ್ತಿದ್ದರು. ಅದೇ ಮುರಕಲ್ಲಿನ ದಾರಿ, ಈಗಿನದಕ್ಕಿಂತ ಹತ್ತು ಪಾಲು ಕೆಟ್ಟದ್ದು. ಕೆಲವೊಮ್ಮೆ ಹಿಂದಿನ ಚಕ್ರ ಸುಟ್ಟ ಹಪ್ಪಳದಂತೆ ಸೊಟ್ಟಗಾಗಿ ಬರುತ್ತಿತ್ತು. ಅಪ್ಪಯ್ಯ ಅದನ್ನು ಕಳಚಿ, ದನದ ಹಟ್ಟಿಯ ಮೆಟ್ಟಿಲ ಮೇಲೆ ಅಡ್ಡ ಇಟ್ಟು, ಉಬ್ಬಿದ ಕಡೆ ಎರಡೂ ಕಾಲಿನಿಂದ ಹತ್ತಿ ಹಾರುತ್ತಿದ್ದರು. ಅಷ್ಟೇ ರಿಪೇರಿ. ಆಮೇಲೆ ಸೈಕಲ್ಲು ಸ್ವಲ್ಪ ದಿನ ಕುಡಿದವರ ಹಾಗೆ ಹೋಗುತ್ತಿತ್ತು, ಆದರೆ ಹೋಗುತ್ತಿತ್ತು. ಸುಧಾಕರ ಮತ್ತು ನಾನು ತ್ರಿಕೋನದ ಒಳಗಿಂದ ಕಾಲು ತೂರಿಸಿ ಅದನ್ನು ಕಲಿತೆವು. ಅವನು ಗದ್ದೆಗೆ ಬಿದ್ದದ್ದೇ ಹೆಚ್ಚು. ಹಾಗೆ ಬಿದ್ದವನೇ ಮುಂದೆ ಇಷ್ಟು ದುಬಾರಿ ಸೈಕಲ್ ಕೊಂಡನಲ್ಲ ಎಂದು ನನಗೆ ಈಗಲೂ ಆಶ್ಚರ್ಯ.

ಅಂಥ ಭಾರದ ಚಕ್ರವೇ ಸೊಟ್ಟಗಾಗುವ ದಾರಿಯಲ್ಲಿ ಈ ಸಪೂರದ್ದು ಹೇಗೆ ನಿಲ್ಲುತ್ತದೆ? ಗ್ರಂಥಾಲಯದಲ್ಲಿ ಹುಡುಕಿದೆ. ದೇವರ ಬಗ್ಗೆ ಎರಡು ಕಪಾಟು ಪುಸ್ತಕವಿದೆ, ಚಕ್ರದ ಬಗ್ಗೆ ಒಂದೂ ಇಲ್ಲ. ಕಡೆಗೆ ಮೊಬೈಲಿನಲ್ಲಿ ಯಾರೋ ವಿವರಿಸಿದ್ದನ್ನು ನೋಡಿ ತಿಳಿದುಕೊಂಡೆ. ಕಡ್ಡಿಗಳು ಕಂಬಗಳ ಹಾಗೆ ನಮ್ಮನ್ನು ಹೊರುತ್ತವೆ ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಹಾಗಲ್ಲವಂತೆ. ತೊಟ್ಟಿಲ ಹಗ್ಗದ ಹಾಗೆ ಅವು ಎಳೆದು ಹಿಡಿಯುತ್ತವಂತೆ. ಎಲ್ಲವೂ ಒಂದೇ ಸಮ ಬಿಗಿಯಾಗಿದ್ದರೆ ಸಪೂರವಾದದ್ದೂ ತಡೆಯುತ್ತದೆ. ಒಂದು ಸಡಿಲಾದರೆ ಅದರ ಪಾಲಿನ ಪೆಟ್ಟು ಪಕ್ಕದ್ದಕ್ಕೆ ಬೀಳುತ್ತದೆ. ಇದನ್ನು ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದರೆ ನಮ್ಮವರು ಮೀನಿನ ಮುಳ್ಳು ತೆಗೆಯುವುದರಲ್ಲಿ ಮಗ್ನರಾಗಿದ್ದರು. ತಲೆಯೆತ್ತಿದ್ದು ಮಾವ.

ಮಾವನ ವಿಷಯ ಹೇಳಬೇಕು. ನಮ್ಮವರ ಅಪ್ಪ, ಎಂಬತ್ತರ ಹತ್ತಿರದವರು. ಮರದ ದೋಣಿಗಳ ಕಾಲದಲ್ಲಿ ದಡದಲ್ಲಿ ದೋಣಿ ರಿಪೇರಿ ಮಾಡಿ, ಅವಕ್ಕೆ ಎಣ್ಣೆ ಹಾಕುತ್ತಿದ್ದರು. ಬೈಗೆ ಮೀನಿನಿಂದ ತೆಗೆದ ಎಣ್ಣೆ. ಅದನ್ನು ಹಲಗೆ ಹಲಗೆಗೆ ಉಜ್ಜಿ ಕುಡಿಸಿದರೆ ಉಪ್ಪುನೀರು ಮರವನ್ನು ಮುಟ್ಟುವುದಿಲ್ಲ. ಈಗಿನ ಫೈಬರ್ ದೋಣಿಗೆ ಆ ಎಣ್ಣೆ ಬೇಡ, ಹಾಕುವವರೂ ಬೇಡ. ಮಾವನ ಎಣ್ಣೆಯ ಡಬ್ಬಿ ಮಂಚದ ಅಡಿ ಸೇರಿತು. ಅವರ ಮಾತೂ ಅದರ ಜತೆ ಮಂಚದ ಅಡಿ ಸೇರಿತೋ ಎನ್ನುವಷ್ಟು ಅವರು ಸುಮ್ಮನಾದರು. ಆಗೊಮ್ಮೆ ಈಗೊಮ್ಮೆ ಡಬ್ಬಿ ಹೊರಗೆ ಬಂದರೆ ಮನೆಯಲ್ಲಿ ಯಾವ ಕಬ್ಬಿಣಕ್ಕೂ ಉಳಿಗಾಲವಿಲ್ಲ. ಗೇಟಿನ ಚಿಲಕ, ಬಾವಿಯ ರಾಟೆ, ಕತ್ತಿ, ಕೊನೆಗೆ ನನ್ನ ಕೊಡೆಯ ಕಡ್ಡಿಗಳು. ಆ ಮಳೆಗಾಲವಿಡೀ ನಾನು ಬಸ್ಸಿನಲ್ಲಿ ಎಲ್ಲಿ ಕೂತರೂ ಪಕ್ಕದ ಸೀಟು ಖಾಲಿ.

ಕಡ್ಡಿಯ ಮಾತು ಕೇಳಿ ಮಾವ ಹೇಳಿದರು: "ಹಿಂದಿನ್ ಕಾಲದ್ ದೋಣಿಗೂ ಹಾಂಗೆ ಮಗಾ. ಹಲಗಿ ಹಲಗಿ ಹಗ್ಗ ಹಾಕಿ ಹೊಲ್ದದ್. ಒಂದ್ ಹಗ್ಗ ಸಡ್ಲ ಆಯ್ರೆ ಮುಗೀತ್."

ಅವರು ಅಷ್ಟು ಉದ್ದ ಮಾತಾಡಿ ಬಹಳ ಕಾಲವಾಗಿತ್ತು.

ಅಲ್ಲಿಂದ ನಾವಿಬ್ಬರೂ ಜತೆಯಾದೆವು. ಭಾನುವಾರ ಬೆಳಿಗ್ಗೆ ನಾನು ತವರಿಗೆ ಹೋಗಿ ಸಂಜೆ ಬರುವುದು. ಬಂದ ಮೇಲೆ ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಪರೀಕ್ಷೆ. ನಾನು ಚಕ್ರ ತಿರುಗಿಸುತ್ತೇನೆ, ಮಾವ ಪೊರಕೆಯ ಒಂದು ಹಿಡಿಕಡ್ಡಿಯನ್ನು ರಿಮ್ಮಿಗೆ ಮುಟ್ಟಿಯೂ ಮುಟ್ಟದ ಹಾಗೆ ಹಿಡಿಯುತ್ತಾರೆ. ಎಲ್ಲಿ ತಾಗಿತೋ ಅಲ್ಲಿ ಸೊಟ್ಟ. ಮೊದಲ ಸಲ ಆ ಮುರಕಲ್ಲಿನ ದಾರಿಯಲ್ಲಿ ಹೋಗಿ ಬಂದಾಗ ನನ್ನ ಹಲ್ಲು, ಸೊಂಟ, ನೀರಿನ ಬಾಟಲಿ, ಎಲ್ಲವೂ ತಂತಮ್ಮ ಜಾಗ ಬಿಟ್ಟಿದ್ದವು. ಚಕ್ರ ಮಾತ್ರ ಬಿಟ್ಟಿರಲಿಲ್ಲ. ಹಿಡಿಕಡ್ಡಿಗೆ ಎಲ್ಲೂ ತಾಗಲಿಲ್ಲ. ಮಾವ ತಲೆ ಅಲ್ಲಾಡಿಸಿ "ಜಾತಿ ಸಾಮಾನ್" ಎಂದರು. ಒಳ್ಳೆಯ ಮರಕ್ಕೆ ಅವರು ಹೇಳುತ್ತಿದ್ದ ಮಾತು ಅದು.

ವಾರಗಳು ಕಳೆದಂತೆ ನನಗೂ ಕೆಲವು ಗೊತ್ತಾದವು. ಕಲ್ಲು ಕಂಡಲ್ಲಿ ಸೀಟಿನಿಂದ ಎದ್ದು ನಿಂತರೆ ಪೆಟ್ಟು ಮೊಣಕಾಲಿಗೆ ಬರುತ್ತದೆ, ಚಕ್ರಕ್ಕೆ ಕಡಿಮೆ. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಕಲ್ಲು ನೇರ ರಿಮ್ಮನ್ನೇ ಕಚ್ಚುತ್ತದೆ. ಗುಂಡಿಗಿಂತ ಗುಂಡಿಯ ಅಂಚು ಕೆಟ್ಟದ್ದು. ಇಷ್ಟೆಲ್ಲ ತಿಳಿದ ಮೇಲೂ ಒಂದು ಸಂಗತಿ ನನ್ನ ಗಮನಕ್ಕೆ ಬಂದಿರಲಿಲ್ಲ, ಮಾವನಿಗೆ ಬಂದಿತ್ತು. ಕಡ್ಡಿಗಳು ರಿಮ್ಮಿಗೆ ಸೇರುವಲ್ಲಿ ಬಿಳಿ ಹುಡಿ ಕಟ್ಟತೊಡಗಿತ್ತು.

"ಕಲ್ಲಿಂದಲ್ಲ ಮಗಾ, ಇದ್ ಹಾಳಾಪ್ದ್ ಉಪ್ಪಿಂದ. ಕಡಲ್ ಗಾಳಿ ತಿಂತಾ ಇತ್ತ್" ಎಂದರು.

ಹೌದಲ್ಲ ಎಂದು ನಾನು ಬೆರಗಾದೆ. ವಾರಕ್ಕೊಮ್ಮೆ ತುಳಿಯುವ ಕಲ್ಲಿನ ಚಿಂತೆಯಲ್ಲಿ, ದಿನವಿಡೀ ಅಂಗಳದಲ್ಲೇ ನಿಂತು ತಿನ್ನುವ ಗಾಳಿಯನ್ನು ಮರೆತಿದ್ದೆ. ಬೆರಗಾಗಿ ಸುಮ್ಮನಾದೆ. ಮಾವ ಸುಮ್ಮನಾಗಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ನಾನು ಹೊರಟಾಗ ಕೇರಿಯ ಬೆಕ್ಕುಗಳೆಲ್ಲ ನಮ್ಮ ಗೇಟಿನಲ್ಲಿದ್ದವು. ಎರಡು ಬೆಕ್ಕು ಸೈಕಲ್ಲಿನ ಚಕ್ರಕ್ಕೆ ಮುಖ ಉಜ್ಜುತ್ತಿದ್ದವು. ತವರಿನಲ್ಲಿ ಅಣ್ಣನ ಜತೆ ಇರುವ ಅತ್ತಿಗೆಗೆಂದು ಚೀಲದಲ್ಲಿ ಒಣಮೀನು ಕಟ್ಟಿಕೊಂಡಿದ್ದೆ. ಅದರ ವಾಸನೆಗೆ ಬಂದಿವೆ ಎಂದುಕೊಂಡೆ. ಒಂದು ಬೆಕ್ಕು ಹೆದ್ದಾರಿಯವರೆಗೂ ಬೆನ್ನು ಹತ್ತಿ ಬಂತು. ಹೆದ್ದಾರಿ ದಾಟುವಲ್ಲಿ ಬ್ರೇಕು ಸ್ವಲ್ಪ ತಡವಾಗಿ ಹಿಡಿದಂತಾಯಿತು. ಇಬ್ಬನಿಯಿರಬೇಕು ಎಂದುಕೊಂಡೆ. ಚಕ್ರಗಳು ಆ ದಿನ ಮಿರಮಿರ ಮಿಂಚುತ್ತಿದ್ದುದನ್ನೂ ನೋಡಿದ್ದೆ. ಬೆಳಗಿನ ಬಿಸಿಲು ಎಂದುಕೊಂಡೆ. ಮೂಗು, ಕಣ್ಣು, ಕೈ ಮೂರೂ ಹೇಳಿದರೂ ತಿಳಿಯದವಳಿಗೆ ಗ್ರಂಥಾಲಯದ ಬೀಗದ ಕೈ ಕೊಟ್ಟವರು ಯಾರೋ ಎಂದು ಆಮೇಲೆ ನನಗೇ ನಗು ಬಂತು.

ಕೊಕ್ಕರ್ಣೆಗೆ ಇನ್ನು ಸ್ವಲ್ಪ ದೂರವಿರುವಾಗ ಮುರಕಲ್ಲಿನ ಒಂದು ಇಳಿಜಾರು ಸಿಗುತ್ತದೆ. ಅರ್ಧ ಇಳಿದು ಬ್ರೇಕು ಒತ್ತಿದೆ. ಹಿಡಿಯಲಿಲ್ಲ. ಎರಡನ್ನೂ ಒತ್ತಿದೆ. ಸೈಕಲ್ಲು ನನ್ನ ಮಾತು ಕೇಳಿಸಿಯೇ ಇಲ್ಲವೆಂಬಂತೆ ಹೋಯಿತು. ಅಡ್ಡ ಸಿಕ್ಕಿದ ಕಲ್ಲನ್ನು ಹಾರಿತು, ಚರಂಡಿ ಹಾರಿತು, ನನ್ನನ್ನು ಒಯ್ದು ರಸ್ತೆಬದಿಯಲ್ಲಿ ಯಾರೋ ಗುಡ್ಡೆ ಹಾಕಿದ್ದ ತರಗೆಲೆಯ ರಾಶಿಯೊಳಗೆ ಸೊಂಟದವರೆಗೆ ಹೂತಿತು.

"ಅಯ್ಯೋ ಹೆಣೆ! ಹಟ್ಟಿಗೆ ಹಾಕುಕೆ ಅಂದೇಳಿ ಬೆಳ್ಗಿಂದ ಒಟ್ಟ್ ಮಾಡಿದ್ ಎಲಿ!" ಎಂದು ಒಬ್ಬ ಹೆಂಗಸು ಹೆಡಿಗೆ ಬಿಟ್ಟು ಓಡಿ ಬಂದರು. ಹತ್ತಿರ ಬಂದ ಮೇಲೆ ದನಿ ಬದಲಾಯಿತು. "ಪೆಟ್ಟಾಯ್ತಾ?"

ಮೊಣಕೈ ತರಚಿ ರಕ್ತ ಬರುತ್ತಿತ್ತು. ನಾನು ಮೊದಲು ನೋಡಿದ್ದು ಚಕ್ರವನ್ನು. ಎತ್ತಿ ತಿರುಗಿಸಿದೆ. ಒಂದು ಕೂದಲೆಳೆಯಷ್ಟೂ ಆಚೀಚೆ ಹೋಗಲಿಲ್ಲ. ಆ ಕಲ್ಲು, ಆ ಚರಂಡಿ, ನನ್ನ ಭಾರ, ಎಲ್ಲವನ್ನೂ ತಾಳಿ ಅದು ಸಮ ತಿರುಗುತ್ತಿತ್ತು. ನನಗೆ ಕುಣಿಯಬೇಕು ಅನ್ನಿಸಿತು.

"ಎಂತ ಮಾರಾಯ್ತಿ ಇದ್, ಸೈಕಲ್ಲಿಗೆ ಬೈಗೆ ವಾಸ್ನೆ?" ಎಂದರು ಆ ಹೆಂಗಸು ಮೂಗಿಗೆ ಸೆರಗು ಹಿಡಿದು.

ಆಗ ನನಗೆ ಎಲ್ಲ ಒಟ್ಟಿಗೇ ತಿಳಿಯಿತು. ಈ ಸೈಕಲ್ಲಿನ ಬ್ರೇಕು ಹಿಡಿಯುವುದು ರಿಮ್ಮಿನ ಅಂಚನ್ನು. ಮಾವ ಆ ಅಂಚಿಗೇ, ದೋಣಿಗೆ ಉಜ್ಜಿದ ಹಾಗೆ ಉಜ್ಜಿ ಉಜ್ಜಿ, ಮೀನೆಣ್ಣೆ ಕುಡಿಸಿದ್ದರು.

ಹೇಗೋ ಸೈಕಲ್ಲನ್ನು ದೂಡಿಕೊಂಡು ತವರು ಸೇರಿದೆ. ಅತ್ತಿಗೆ ಗಾಯಕ್ಕೆ ಅರಿಸಿನ ಹಚ್ಚಿ, ನನಗೆ ಹೇಳದೆ ನಮ್ಮವರಿಗೆ ಫೋನು ಮಾಡಿದರು. ಮಧ್ಯಾಹ್ನ ಆಟೋ ಬಂತು. ಸೈಕಲ್ಲನ್ನು ಆಟೋದಲ್ಲಿ ಅಡ್ಡ ತೂರಿಸಿ, ನಾನು ಮತ್ತೆ ಹಿಂದಿನ ಸೀಟಿನಲ್ಲಿ ಕೂತೆ. ಬಾರ್ಕೂರು ದಾಟುವವರೆಗೂ ನಾನು ಒಂದನ್ನೇ ಯೋಚಿಸುತ್ತಿದ್ದೆ. ಚಕ್ರದ ತಪ್ಪಲ್ಲ ಎಂದರೆ ಸೈಕಲ್ಲು ಉಳಿಯುತ್ತದೆ. ಹಾಗಾದರೆ ತಪ್ಪು ಯಾರದ್ದು ಎಂಬ ಪ್ರಶ್ನೆ ಬರುತ್ತದೆ. ಮಂಚದ ಅಡಿಯಿಂದ ಡಬ್ಬಿ ತೆಗೆದು, ಸೊಸೆಗೆ ಗೊತ್ತಾಗದ ಹಾಗೆ, ಬಗ್ಗದ ಸೊಂಟ ಬಗ್ಗಿಸಿ ಎಣ್ಣೆ ಉಜ್ಜಿದವರ ಎದುರು ನಿಂತು 'ನಿಮ್ಮ ಎಣ್ಣೆಯಿಂದ ಬಿದ್ದೆ' ಎಂದು ಹೇಗೆ ಹೇಳುವುದು?

ಮನೆ ಮುಟ್ಟಿದಾಗ ಮಾವ ಜಗಲಿಯಲ್ಲೇ ಕೂತಿದ್ದರು. ನನ್ನ ಕೈ ನೋಡಿ ಎದ್ದು ನಿಂತರು. ನಮ್ಮವರು ಸೈಕಲ್ಲು ಇಳಿಸುತ್ತ ಕೇಳಿದರು, "ಈಗ ಹೇಳ್. ಚಕ್ರ ಕೈ ಕೊಡ್ತಾ?"

ಮಾವನ ಮುಖ ನೋಡಿದೆ. "ಹೌದ್. ಚಕ್ರ ತಡೀಲಿಲ್ಲ" ಎಂದೆ.

ಹೇಳುವಾಗ ಸೈಕಲ್ಲಿನ ಕಡೆ ನೋಡಲಾಗಲಿಲ್ಲ. ನಮ್ಮವರು ಒಂದು ಮಾತು ಬೈಯಲಿಲ್ಲ. ಒಳಗಿಂದ ಗೋಣಿ, ಹಗ್ಗ ತಂದು ಅಂಗಳದಲ್ಲಿ ಹರಡಿದರು. ಹಗ್ಗ ಬಿಡಿಸುತ್ತ ನನ್ನ ಮೊಣಕೈಯ ಕಡೆ ಮತ್ತೆ ಮತ್ತೆ ನೋಡಿದರು.

ಮಾವ ಜಗಲಿಯಿಂದ ಇಳಿದು ಬಂದರು. ಸೈಕಲ್ಲಿನ ಮುಂದಿನ ಭಾಗ ಎತ್ತಿ ಚಕ್ರವನ್ನು ತಿರುಗಿಸಿದರು. ಅದು ನೆಟ್ಟಗೆ, ಸದ್ದಿಲ್ಲದೆ ತಿರುಗಿತು. ನಾನು ದಿನಾ ಒತ್ತುವುದನ್ನು ನೋಡಿದ್ದವರು ಬ್ರೇಕನ್ನು ಒತ್ತಿದರು. ಚಕ್ರ ತಿರುಗುತ್ತಲೇ ಇತ್ತು. ರಿಮ್ಮಿನ ಅಂಚಿನ ಮೇಲೆ ಬೆರಳು ಎಳೆದು ಮೂಸಿದರು. ಬಹಳ ಹೊತ್ತು ಆ ಬೆರಳನ್ನೇ ನೋಡಿದರು.

"ಮಗಾ" ಎಂದರು. ದನಿಯಲ್ಲಿ ಸಿಟ್ಟಿತ್ತು. "ನಂಗ್ ಬೇಜಾರಾತ್ತ್ ಅಂದೇಳಿ ಸಮ ಇದ್ದ್ ಚಕ್ರವ ಹಾಳ್ ಅಂದ್ಯಾ? ಒಳ್ಳೆ ದೋಣಿಗೆ 'ಅದ್ ಸೋರ್ತ್' ಅಂದೇಳಿ ಒಂದ್ ಮಾತ್ ಹೇಳಿರೆ ಸಾಕ್, ಮತ್ತ್ ಅದ್ಕೆ ಯಾರೂ ಹತ್ತುದಿಲ್ಲ. ಬಾಯಿಲ್ಲದ್ ಸಾಮಾನಿನ್ ಮೇಲೆ ಸುಳ್ಳ್ ಹೇಳುಕಾಗ."

ಅವರು ಮಗನ ಕಡೆ ತಿರುಗಿದರು. "ಆ ಗೋಣಿ ಒಳ್ಗ್ ಇಡ್. ಎಣ್ಣಿ ಹಾಕಿದ್ ನಾನ್. ಬ್ರೇಕ್ ಜಾರಿದ್ ಅದ್ರಿಂದ. ಚಕ್ರ ಎಂತ ತಪ್ಪ್ ಮಾಡ್ಲಿಲ್ಲ."

ನಮ್ಮವರು ಒಮ್ಮೆ ಅಪ್ಪನನ್ನು, ಒಮ್ಮೆ ನನ್ನನ್ನು ನೋಡಿ, ಗೋಣಿ ಮಡಚಿ ಒಳಗೆ ಹೋದರು. ಅಂಗಳದಲ್ಲಿ ನಾವಿಬ್ಬರೇ ಉಳಿದೆವು. ಮಾವನ ಮುಖ ಸಣ್ಣಗಾಗಿತ್ತು.

"ಎಣ್ಣಿ ಬೇಡ ಅಂದ್ರೆ ಮತ್ತೆಂತ ಬೇಕ್ ಅದ್ಕೆ?" ಎಂದು ಕೇಳಿದರು.

"ನೀರಂಗೆ ತೊಳ್ದ್ ಒಣ ಬಟ್ಟಿಯಂಗೆ ಒರ್ಸಿರೆ ಸಾಕ್ ಮಾವ. ದಿನಾ. ಉಪ್ಪ್ ಹೋಯ್ಕ್."

ಅವರು ತಾವೇ ಬಾವಿಯಿಂದ ನೀರು ಸೇದಿದರು. ಬೂದಿ, ಸೋಪು, ತೆಂಗಿನ ನಾರು ತರಿಸಿಕೊಂಡು ಚಕ್ರದ ಎದುರು ಕೂತು ಉಜ್ಜತೊಡಗಿದರು. ಒಮ್ಮೆ ತೊಳೆದು ಬೆರಳಿಟ್ಟರು, ಜಾರಿತು. ಮತ್ತೊಮ್ಮೆ ತೊಳೆದರು, ಇನ್ನೂ ಜಾರಿತು. ನಾನು ನಾರು ಕೇಳಿದರೆ ಕೊಡಲಿಲ್ಲ. ಮೂರನೆಯ ಸಲ ನೀರು ಹೊಯ್ದಾಗ ಹನಿಗಳು ರಿಮ್ಮನ್ನು ಮುಟ್ಟದೆ ಕೆಸುವಿನ ಎಲೆಯ ಮೇಲಿನಂತೆ ಉರುಳಿ ಹೋದವು. ಮಾವ ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು.

"ಕಾಣ್ ಮಗಾ" ಎಂದರು, "ಹೇಂಗ್ ಹಿಡ್ಕಂಡಿತ್ತ್ ಕಾಣ್!"